ನೂರಾ ಹದಿನಾಲ್ಕು ಸಂಶಯಿತರು

ಹನ್ನೊಂದು ವರ್ಷಗಳಿಂದ ನಾನು ಗುಲಾಬಿ ತಿರುಗಿಸುತ್ತಿದ್ದೇನೆ. ತೋಟದಲ್ಲಲ್ಲ, ನಿಪ್ಪಾಣಿಯ ಕುನಾಲ ಡಿಜಿಟಲ್ ಸ್ಟುಡಿಯೋದ ಕಂಪ್ಯೂಟರಿನಲ್ಲಿ. ಮದುವೆಯ ವಿಡಿಯೋ ಶುರುವಾಗುವಾಗ ಎಡಗಡೆಯಿಂದ ಒಂದು ಗುಲಾಬಿ ಗರಗರ ತಿರುಗುತ್ತ ಬಂದು, ಅರಳಿ, ಅದರೊಳಗಿಂದ ಮದುಮಗನ ಮುಖ ಹೊರಬೀಳುತ್ತದಲ್ಲ, ಅದನ್ನು ಮಾಡುವವಳು ನಾನೇ. ಮುಖ ಹೇಗೇ ಇರಲಿ, ಹೂವು ಮಾತ್ರ ಚೆನ್ನಾಗಿ ಅರಳಬೇಕು ಎಂಬುದು ಮಾಲೀಕ ಕುನಾಲನ ಆಜ್ಞೆ. ಹೂವಿನ ಹಿಂದೆ ಎರಡು ನವಿಲು, ನವಿಲಿನ ಹಿಂದೆ ಕುಲದೇವರು, ದೇವರ ಹಿಂದೆ ‘ಚಿತ್ರೀಕರಣ ಮತ್ತು ಸಂಕಲನ: ಕುನಾಲ’. ಈ ಕುನಾಲನಿಗೆ ಕಂಪ್ಯೂಟರ್ ಆನ್ ಮಾಡುವುದಕ್ಕೂ ನಾನೇ ಬೇಕು.

ಉಳಿದ ವಿಡಿಯೋ ಏನೆಂದು ಕೇಳಬೇಡಿ. ಅರ್ಧ ಭಾಗ ಸತ್ಕಾರ. ನಮ್ಮ ಕಡೆ ಮದುವೆಯೆಂದರೆ ಅಕ್ಷತೆಗಿಂತ ಮಾನಪಾನ ದೊಡ್ಡದು. ಮೈಕಿನಲ್ಲಿ ಹೆಸರು ಕೂಗುತ್ತಾರೆ. ಹೆಸರಿನವರು ಎದ್ದು, ಮಂದಿಯ ಕಡೆ ತಿರುಗಿ, ಕೈ ಮುಗಿದು, ತಲೆಗೆ ಫೇಟಾ ಸುತ್ತಿಸಿಕೊಂಡು, ತೆಂಗಿನಕಾಯಿ ಹಿಡಿದು ಕೂರುತ್ತಾರೆ. ಒಬ್ಬರ ಹೆಸರು ಬಿಟ್ಟುಹೋದರೆ ಮೂರು ತಲೆಮಾರಿನ ಮುನಿಸು. ಮದುಮಗಳ ಹೆಸರು ತಪ್ಪಾದರೆ ಮಾತ್ರ ಯಾರೂ ಏನೂ ಅನ್ನುವುದಿಲ್ಲ.

ನಮ್ಮಪ್ಪ ಭಾವುಸಾಹೇಬ ಮಗದುಮ್ಮರಿಗೆ ನಿಪ್ಪಾಣಿಯಲ್ಲಿ ತಂಬಾಕಿನ ಗೋದಾಮು ಇದೆ. ಅವರ ದೃಷ್ಟಿಯಲ್ಲಿ ಕೆಲಸವೆಂದರೆ ಚೀಲದಲ್ಲಿ ತುಂಬಲು ಬರಬೇಕು.

“ಮಂದಿ ಹೆಸರಿಗೆ ಹೂವು ಏರ್ಸೂದು ಯಾವ ಕೆಲಸ ಬೇ? ಅದನ್ನ ಪೂಜಾರಿನೂ ಮಾಡ್ತಾನ” ಎನ್ನುತ್ತಿದ್ದರು. “ಅದರಾಗ ನಿನ್ನ ಹೆಸರ ಎಲ್ಲೆರ ಐತೇನು? ಒಂದ ದಿನಾ ಪಡದಿ ಮ್ಯಾಲ ನಿನ್ನ ಹೆಸರ ತೋರ್ಸು. ಆವಾಗ ಕೆಲಸ ಅಂತ ಒಪ್ಕೋತೀನಿ.”

ಈ ಮಾತನ್ನು ಅವರು ತಮಾಷೆಗೆ ಹೇಳಿದ್ದರು. ನನಗೆ ಅದು ಹನ್ನೊಂದು ವರ್ಷ ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನಂತೆ ಉಳಿದುಬಿಟ್ಟಿತು. ಸುಳ್ಳೇಕೆ ಹೇಳಲಿ, ಅಪ್ಪ ಒಮ್ಮೆ ನನ್ನ ಹೆಸರನ್ನು ಪರದೆಯ ಮೇಲೆ ಓದಬೇಕು ಎಂಬುದಕ್ಕಿಂತ ದೊಡ್ಡ ಆಸೆ ನನಗೆ ಇರಲಿಲ್ಲ.

ಹಾಗಿರುವಾಗ ಬೇಡಕಿಹಾಳದ ಸುರಜ ಬಂದ. ಕೊಲ್ಹಾಪುರದಲ್ಲಿ ಎರಡು ವರ್ಷ ಕ್ಯಾಮೆರಾ ಹೊತ್ತು, ಈಗ ತಾನೇ ನಿರ್ದೇಶಕನಾಗಿದ್ದ. ಗಡ್ಡ ಬಿಟ್ಟಿದ್ದರಿಂದ ಅರ್ಧ ನಂಬಬಹುದಿತ್ತು.

“ಸಸ್ಪೆನ್ಸ್ ಸಿನಿಮಾ ಅಕ್ಕಾ. ‘ಹದಿನೇಳನೇ ಸಾಲು’ ಅಂತ. ಕಬ್ಬಿನ ಹೊಲದಾಗ ಹದಿನೇಳನೇ ಸಾಲಿನ್ಯಾಗ ಒಂದ ಹೆಣ ಸಿಗ್ತೈತಿ. ಯಾರ ಕೊಂದ್ರು ಅನ್ನೂದು ಕಡೀ ಐದ ಮಿನಿಟಿನ್ಯಾಗ ಗೊತ್ತಾಗ್ತೈತಿ. ಟೈಟಲ್ ನೀವ ಮಾಡ್ಬೇಕು.”

“ಗುಲಾಬಿ ಬೇಕೇನು?” ಎಂದೆ.

“ಛೇ ಛೇ” ಎಂದು ಅವನು ಕಿವಿ ಮುಟ್ಟಿಕೊಂಡ. ಆ ಕ್ಷಣವೇ ನನಗೆ ಅವನ ಮೇಲೆ ಗೌರವ ಹುಟ್ಟಿತು.

ನಾನು ಎರಡು ಷರತ್ತು ಹಾಕಿದೆ. ಎರಡು ನಿಮಿಷ ಪೂರ್ತಿ ನನ್ನದು, ಯಾರೂ ಕೈ ಹಾಕಬಾರದು. ಕೊನೆಯ ಫಲಕದಲ್ಲಿ ನನ್ನ ಹೆಸರು, ಒಂಟಿಯಾಗಿ, ಆರು ಸೆಕೆಂಡು ನಿಲ್ಲಬೇಕು. ಸುರಜ ಎರಡಕ್ಕೂ ಒಪ್ಪಿದ. ದುಡಿಯುವವರು ಏನು ಕೇಳಿದರೂ ಒಪ್ಪಿಬಿಡುವುದನ್ನು ಅವನು ಕೊಲ್ಹಾಪುರದಲ್ಲಿ ಕಲಿತಿದ್ದ.

ಟೈಟಲ್ ಎಂದರೆ ಏನೆಂಬ ಬಗ್ಗೆ ನನಗೆ ನನ್ನದೇ ಒಂದು ಹಟವಿದೆ. ಸಿನಿಮಾಕ್ಕೆ ಬಂದವನು ಮನೆಯ ಜಗಳ, ಬೈಕಿನ ಪಂಕ್ಚರ್, ಬಾಯಲ್ಲಿನ ಗುಟಕಾ ಎಲ್ಲ ಸಮೇತ ಬಂದು ಕುಳಿತಿರುತ್ತಾನೆ. ಅವನ ಕೈಯಿಂದ ಅದನ್ನೆಲ್ಲ ಇಳಿಸಿ, ‘ಇನ್ನು ಏನೋ ಆಗುತ್ತದೆ, ಸುಮ್ಮನೆ ಕೂತ್ಕೋ’ ಎಂದು ಹೇಳುವ ಕೆಲಸ ಟೈಟಲಿನದು. ಹೆಣ ತೋರಿಸಿ ಯಾರು ಬೇಕಾದರೂ ಹೆದರಿಸಬಹುದು. ಏನೂ ತೋರಿಸದೆ ಹೆದರಿಸುವುದರಲ್ಲಿ ಮಜಾ ಇದೆ.

ನಾನು ಏನೂ ತೋರಿಸಲಿಲ್ಲ. ಕಬ್ಬೂರಿನ ಮುರಗೆಪ್ಪನವರ ಹೊಲದಲ್ಲಿ ಆಳೆತ್ತರದ ಕಬ್ಬು, ಗಾಳಿಗೆ ರವದಿಯ ಒಣ ಎಲೆ ಸರಸರ ಎನ್ನುವ ಸದ್ದು. ಸ್ವಲ್ಪ ಹೊತ್ತಿಗೆ ಗಾಳಿ ನಿಲ್ಲುತ್ತದೆ. ಎಲ್ಲ ಎಲೆಗಳೂ ನಿಲ್ಲುತ್ತವೆ, ಒಂದೇ ಒಂದು ಎಲೆ ಮಾತ್ರ ಅಲುಗುತ್ತಲೇ ಇರುತ್ತದೆ. ಎಲ್ಲೋ ಕುಡಗೋಲು ಮಸೆಯುವ ಶಬ್ದ. ಅದೂ ನಿಲ್ಲುತ್ತದೆ. ಕಬ್ಬಿನ ಸಾಲಿನ ಹಾಗೆ ತೆಳ್ಳಗೆ, ಉದ್ದಕ್ಕೆ ಅಕ್ಷರಗಳು ನೆಲದಿಂದ ಏಳುತ್ತವೆ. ಮೂರು ವಾರ ಅಕ್ಷರಗಳನ್ನೇ ಕೊರೆದೆ. ಮಾಡಿ ಮುಗಿಸಿ ಒಬ್ಬಳೇ ನೋಡಿದಾಗ ನನಗೇ ಮೈ ಜುಮ್ಮೆಂದಿತು. ಕುನಾಲ ಹಿಂದಿನಿಂದ ಬಂದು, “ಛಲೋ ಐತಿ, ನವಿಲೆಲ್ಲಿ?” ಎಂದ.

ಆಮೇಲೆ ನಿರ್ಮಾಪಕರು ಬಂದರು.

ಅಥಣಿಯ ಅಣ್ಣಾಸಾಬರು ದ್ರಾಕ್ಷಿ ತೋಟದವರು, ಬೆಳೆಗಾರರ ಸಂಘದ ಮಾಜಿ ಉಪಾಧ್ಯಕ್ಷರು. ಸಿನಿಮಾದಲ್ಲಿ ಅವರೇ ಕೊಲೆಗಾರ. ಮೊದಲಿಂದ ಕೊನೆಯವರೆಗೆ ಎಲ್ಲರಿಗೂ ಚಹಾ ಕುಡಿಸುವ ಒಳ್ಳೆಯ ಮುದುಕ, ಕೊನೆಗೆ ನೋಡಿದರೆ ಅವನೇ ಕೊಂದವನು. ಪಾತ್ರ ಅವರಿಗೆ ಹೇಳಿ ಮಾಡಿಸಿದ ಹಾಗಿತ್ತು. ಜೊತೆಗೆ ಹೊಲ ಕೊಟ್ಟ ಮುರಗೆಪ್ಪನವರೂ ಬಂದಿದ್ದರು. ಅಣ್ಣಾಸಾಬರು ಟೈಟಲ್ ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು. ಕಣ್ಣೀರು ಬಂದಿತೇನೋ ಎಂದುಕೊಂಡೆ.

“ನನ್ನ ಹೆಸರಿನ ಮುಂದ ಏನೂ ಇಲ್ಲಲ್ಲ?” ಎಂದರು.

“ಏನಿರಬೇಕ್ರಿ?”

“ಹುದ್ದೆ ಬೇಡೇನು? ಲಗ್ನಪತ್ರಿಕ್ಯಾಗ ಬರೇ ಹೆಸರ ಹಾಕ್ತಾರೇನು? ‘ಶ್ರೀ ಅಣ್ಣಾಸಾಬ, ಮಾಜಿ ಉಪಾಧ್ಯಕ್ಷರು. ಪಾತ್ರ: ಕೊಲೆಗಾರ’ ಅಂತ ಹಾಕ್ರಿ. ದಪ್ಪ ಅಕ್ಷರದಾಗ. ಮೊದಲನೇ ಹೆಸರ ನಂದ.”

ಸುರಜ ಕುರ್ಚಿಯಿಂದ ಎದ್ದುಬಿಟ್ಟ. “ದಾದಾ, ಕೊಲೆಗಾರ ಯಾರಂತ ಶುರುವಾತಿಗೇ ಹೇಳಿದ್ರ ಸಸ್ಪೆನ್ಸ್ ಎಲ್ಲಿ ಉಳೀತೈತ್ರಿ?”

“ಯಾಕ ಉಳಿಯೂದಿಲ್ಲ? ಕೊಲೆಗಾರ ಯಾರಂತ ಗೊತ್ತಾದ್ರ ಮಂದಿ ಹಗೂರಾಗಿ ಕುಂತ ಸಿನಿಮಾ ನೋಡ್ತಾರ. ಇಲ್ಲಂದ್ರ ಅದ ಚಿಂತಿ ಹಚ್ಕೊಂಡ ಕುಂದರ್ತಾರ.”

ಮುರಗೆಪ್ಪನವರು ಮೆಲ್ಲಗೆ ಕೆಮ್ಮಿ ತಮ್ಮ ಜೇಬಿನಿಂದ ಒಂದು ಪಟ್ಟಿ ತೆಗೆದರು. ಹೊಲ ಕೊಟ್ಟವರು, ಟ್ರ್ಯಾಕ್ಟರ್ ಕೊಟ್ಟವರು, ಊಟ ಕೊಟ್ಟವರು, ಶೂಟಿಂಗ್ ದಿನ ತಮ್ಮ ನಾಯಿಯನ್ನು ಕಟ್ಟಿಹಾಕಿದವರು, ನಾಯಿ ಬಿಟ್ಟವರು, ಹೆಣದ ಪಾತ್ರದ ಹಾಲಸಿದ್ದ, ಹೆಣ ಹೊತ್ತವರು ನಾಲ್ಕು ಜನ. ಹೊಳೆದಂಡೆಯ ಸತ್ತಿ ಊರಿನಿಂದ ಎರಡು ಬೋಟಿನ ದೃಶ್ಯಕ್ಕೆ ಬಂದ ಹದಿನಾರು ಜನ. ಆ ದೃಶ್ಯ ಸಿನಿಮಾದಲ್ಲಿ ಇರಲಿಲ್ಲ, ಆದರೂ ಬಂದವರು ಬಂದವರೇ. ಅಣ್ಣಾಸಾಬರನ್ನೂ ಸೇರಿಸಿ ಒಟ್ಟು ನೂರಾ ಹದಿಮೂರು ಹೆಸರು. ಈ ಪಟ್ಟಿಯ ಅರ್ಧ ಭಾಗ ಶೂಟಿಂಗಿಗೆ ಎಂಟು ತಿಂಗಳು ಮುಂಚೆಯೇ ತಯಾರಾಗಿತ್ತಂತೆ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವುದರಲ್ಲಿ ನಮ್ಮವರು ಗಟ್ಟಿಗರು.

“ಅವ್ರಿಗೆ ಹುದ್ದೆ ಹಾಕಿದ್ರ ಎಲ್ಲಾರಿಗೂ ಹಾಕ್ರಿ” ಎಂದರು ಮುರಗೆಪ್ಪನವರು. “ಇಲ್ಲಂದ್ರ ಊರಾಗ ನಾ ಮಾರಿ ತೋರ್ಸೂದು ಹೆಂಗ?”

ಸುರಜ ನನ್ನ ಮುಖ ನೋಡಿದ. ಅವನ ಕಣ್ಣು ಕೆಂಪಾಗಿತ್ತು. ನನಗೂ ಸಿಟ್ಟು ಬಂದಿತ್ತು, ಆದರೆ ಸಿಟ್ಟಿನಲ್ಲಿಯೇ ನನ್ನ ತಲೆ ಓಡುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

“ಎಲ್ಲಾರಿಗೂ ಒಂದ ಹುದ್ದೆ ಹಾಕೂಣು” ಎಂದೆ. “ಸಂಶಯಿತ. ನಂಬರ್ ಒಂದರಿಂದ ನಂಬರ್ ನೂರಾ ಹದಿಮೂರರ ತನಕ. ಕೊಂದವರು ಇವರೊಳಗ ಯಾರರೆ ಒಬ್ರು. ಸಸ್ಪೆನ್ಸೂ ಉಳೀತೈತಿ, ಮಾನಪಾನಾನೂ ಆಗ್ತೈತಿ.”

ಮುರಗೆಪ್ಪನವರು ಹುಬ್ಬು ಏರಿಸಿದರು. “ಸಂಶಯಿತ ಅಂದ್ರ ದೊಡ್ಡ ಹುದ್ದೇನ್ರಿ?”

“ಸರ್ಕಾರಿ ಕಾಗದದಾಗ ಬರ್ತೈತ್ರಿ.”

“ಹಂಗಾರ ಅಡ್ಡಿಯಿಲ್ಲ.”

ಅಣ್ಣಾಸಾಬರು, “ನಂಬರ್ ಒಂದ ನಂದ” ಎಂದರು. ಮುರಗೆಪ್ಪನವರಿಗೆ ಎರಡು ಸಿಕ್ಕಿತು. ಮೂರನೆಯ ನಂಬರಿಗಾಗಿ ಮುಂದೆ ನಾಲ್ಕು ದಿನ ಫೋನಿನಲ್ಲಿ ಜಗಳ ನಡೆಯಿತು. ಹೆಣದ ಪಾತ್ರದ ಹಾಲಸಿದ್ದನೂ ತನಗೆ ಸಂಶಯಿತ ಅಂತಲೇ ಬೇಕೆಂದು ಹಟ ಹಿಡಿದ. ತನ್ನನ್ನು ತಾನೇ ಕೊಂದುಕೊಂಡಿರಬಹುದಲ್ಲ ಎಂದು ಹಾಕಿದೆ.

ಹೀಗೆ ನನ್ನ ಎರಡು ನಿಮಿಷ ಹದಿಮೂರು ನಿಮಿಷವಾಯಿತು. ಮೊದಲು ನನ್ನ ಗಾಳಿ, ಎಲೆ, ಕುಡಗೋಲು. ಆಮೇಲೆ ಒಂದೊಂದು ಹೆಸರಿಗೆ ಆರಾರು ಸೆಕೆಂಡು. ಹೆಸರುಗಳು ಕಬ್ಬಿನಂತೆ ಏಳುವ ಹಾಗೆ ಮಾಡಿ, ಪ್ರತಿ ಹತ್ತಕ್ಕೆ ಹೊಲ ಇನ್ನಷ್ಟು ಕಪ್ಪಾಗುವಂತೆ ಇಟ್ಟೆ. ಕೊನೆಗೆ ಪೂರ್ತಿ ಕತ್ತಲೆ, ಅದರೊಳಗೆ ಬೆಳ್ಳಗೆ ನನ್ನ ಹೆಸರು. ನನ್ನ ಕೆಲಸದ ಮೇಲೆ ಅವರು ಎಷ್ಟು ಮಣ್ಣು ಸುರಿದರೂ ಆ ಆರು ಸೆಕೆಂಡನ್ನು ಮಾತ್ರ ನಾನು ಬಿಟ್ಟುಕೊಟ್ಟಿರಲಿಲ್ಲ.

ಅಪ್ಪನಿಗೆ ಹೇಳಿದೆ. “ಬರ್ತೀನಿ ಬೇ, ಬರದ ಏನ?” ಎಂದರು. ಎರಡು ದಿನ ಬಿಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಂತು, ಯಾವತ್ತೂ ಇಲ್ಲದ ನಾಚಿಕೆಯಿಂದ, “ಅವರ ಲೈಟಿನ ಸಾಮಾನ ನಮ್ಮ ಗೋದಾಮಿನ್ಯಾಗ ಇಟ್ಟಿದ್ರಲ್ಲ, ಹಂಗಂದ್ರ ನಂದೂ ಒಂದ ಹೆಸರ ಬರಬೇಕಲ್ಲ?” ಎಂದರು.

ನನಗೆ ನಗು ಬಂತು, ಪ್ರೀತಿಯೂ ಬಂತು. ಸಂಶಯಿತ ನಂಬರ್ ನೂರಾ ಹದಿನಾಲ್ಕು ಎಂದು ಸೇರಿಸಿದೆ, ನನ್ನ ಹೆಸರಿಗೆ ಸರಿಯಾಗಿ ಮೊದಲಿನ ಜಾಗದಲ್ಲಿಯೇ. ತಮ್ಮ ಹೆಸರಿಗಾಗಿ ಕಣ್ಣು ಬಿಟ್ಟು ಕೂತಿರುತ್ತಾರೆ, ಅದು ಹೋದ ಕೂಡಲೇ ನನ್ನದು ಬರುತ್ತದೆ, ತಪ್ಪಿಸಿಕೊಳ್ಳುವ ಮಾತೇ ಇಲ್ಲ ಎಂದು ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡೆ.

ಮೊದಲ ಪ್ರದರ್ಶನ ಚಿಕ್ಕೋಡಿಯ ಒಂದು ಮಂಗಲ ಕಾರ್ಯಾಲಯದಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ. ಸಂಜೆ ಇಟ್ಟರೆ ನಮ್ಮ ಜೈನರು ಹೊತ್ತು ಮುಳುಗುವ ಮೊದಲು ಉಣ್ಣಬೇಕೆಂದು ಎದ್ದುಹೋಗುತ್ತಾರೆ, ಮಧ್ಯಾಹ್ನ ಇಟ್ಟರೆ ಉಳಿದವರು ಮಲಗುತ್ತಾರೆ. ಕಿಟಕಿಗಳಿಗೆಲ್ಲ ತಾಡಪತ್ರಿ ಕಟ್ಟಿ ಕತ್ತಲೆ ಮಾಡಿದ್ದರು. ಮದುಮಕ್ಕಳು ಕೂರುವ ವೇದಿಕೆಯ ಮೇಲೆ ಬಿಳಿ ಪರದೆ. ಕುರ್ಚಿಗಳ ಹಿಂದೆ ಒಂದು ಮೇಜು, ಮೇಜಿನ ಮೇಲೆ ಪ್ರೊಜೆಕ್ಟರ್, ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದು ನಾನು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಟೋಪಿ ಹಾಕಿಕೊಂಡು ನನ್ನಿಂದ ಮೂರು ಸಾಲು ಮುಂದೆ, ಸರಿಯಾಗಿ ನಡುವಿನ ಕುರ್ಚಿಯಲ್ಲಿ ಕುಳಿತರು. ಹಿಂದಿನ ಕೋಣೆಯಿಂದ ಜಿಲೇಬಿ ಕರಿಯುವ ವಾಸನೆ ಬರುತ್ತಿತ್ತು.

ಗಾಳಿ ಬೀಸಿತು. ಯಾರೋ, “ಇನ್ನೂ ಚಾಲೂ ಆಗಿಲ್ಲೇನ್ರಿ?” ಎಂದರು. ಗಾಳಿ ನಿಂತಿತು. ಒಬ್ಬ ಹೆಂಗಸು ಮಗುವಿಗೆ ಬಿಸ್ಕೀಟಿನ ಪುಡಿಕೆ ಒಡೆದಳು. ನನ್ನ ಒಂಟಿ ಎಲೆ ಅಲುಗಿತು. “ಕರೆಂಟ ಹೋತೇನು, ಬರೇ ಹೊಲಾ ಕಾಣಾಕತ್ತೈತಿ” ಎಂದು ಇನ್ನೊಬ್ಬರು. ಮೂರು ವಾರದ ನನ್ನ ಕೆಲಸ ಕೋಣನ ಮುಂದೆ ಕಿನ್ನರಿಯಾಯಿತು.

ಆಮೇಲೆ ಮೊದಲ ಹೆಸರು ಎದ್ದಿತು. ‘ಶ್ರೀ ಅಣ್ಣಾಸಾಬ, ಸಂಶಯಿತ ನಂ. ೧.’

ಸಭಾಗೃಹದಲ್ಲಿ ಅಂಥ ಮೌನವನ್ನು ನಾನು ಯಾವ ಮದುವೆಯಲ್ಲೂ ಕೇಳಿಲ್ಲ, ಮಂಗಲಾಷ್ಟಕದಲ್ಲೂ ಇಲ್ಲ. ಬಿಸ್ಕೀಟಿನ ಸದ್ದು ನಿಂತಿತು. ಎಲ್ಲರೂ ಕುರ್ಚಿಯ ತುದಿಗೆ ಬಂದು, ಉಸಿರು ಹಿಡಿದು ಕುಳಿತರು. ಮುಂದಿನ ಹೆಸರು ಯಾರದು? ನನ್ನದು ಬರುತ್ತದೋ, ಬಿಟ್ಟಿದ್ದಾರೋ? ನಾನು ಕುಡಗೋಲಿನಲ್ಲಿ ಭಯ ಹುಡುಕುತ್ತಿದ್ದೆ. ಭಯ ಇವರೆಲ್ಲರ ಹೆಸರಿನಲ್ಲೇ ಇತ್ತು.

ಅಣ್ಣಾಸಾಬರು ತಮ್ಮ ಹೆಸರನ್ನು ಒಮ್ಮೆ ಓದಿದರು, ಖಾತ್ರಿಗೆ ಇನ್ನೊಮ್ಮೆ ಓದಿದರು, ಟೋಪಿ ಸರಿ ಮಾಡಿಕೊಂಡರು. ಆಮೇಲೆ ಎದ್ದು, ಪರದೆಗೆ ಬೆನ್ನು ತಿರುಗಿಸಿ, ಮಂದಿಗೆ ಕೈ ಮುಗಿದರು.

ಮಂಗಲ ಕಾರ್ಯಾಲಯದಲ್ಲಿ ಹೆಸರು ಬಂದರೆ ಮತ್ತೇನು ಮಾಡುತ್ತಾರೆ? ಮಂದಿ ಚಪ್ಪಾಳೆ ತಟ್ಟಿದರು. ಪ್ರೊಜೆಕ್ಟರಿನ ಬೆಳಕು ನೇರವಾಗಿ ಅವರ ಎದೆಗೆ ಬಡಿಯಿತು. ಆದರೆ ಓದಿ, ಟೋಪಿ ಸರಿ ಮಾಡಿ, ಏಳುವುದರಲ್ಲಿ ಆರು ಸೆಕೆಂಡು ಮುಗಿದಿತ್ತು. ಅವರ ಎದೆಯ ಮೇಲೆ ಬಿದ್ದದ್ದು, ‘ಶ್ರೀ ಮುರಗೆಪ್ಪ, ಸಂಶಯಿತ ನಂ. ೨.’ ಅದನ್ನು ಅಣ್ಣಾಸಾಬರ ಮೈಮೇಲೆ ಓದಿದ ಮುರಗೆಪ್ಪನವರು ಎದ್ದು ತಿರುಗಿ ಕೈ ಮುಗಿಯುವ ಹೊತ್ತಿಗೆ ಅವರ ಎದೆಗೆ ಮೂರನೆಯವರು ಬಂದರು. ಹೀಗೆ ಶುರುವಾಯಿತು. ಪೊಲೀಸ್ ಠಾಣೆಯ ಫೋಟೋಗಳ ಹಾಗೆ ಒಬ್ಬೊಬ್ಬರಾಗಿ ಎದೆಯ ಮೇಲೆ ನಂಬರು ಹೊತ್ತು ನನ್ನತ್ತ ತಿರುಗಿ ಕೈ ಮುಗಿಯುತ್ತಿದ್ದರು, ಪ್ರತಿಯೊಬ್ಬನ ಮೈಮೇಲೆ ಅವನ ನಂತರದವನ ನಂಬರು. ಪರದೆಯ ಮೇಲೆ ಹೊಲದ ಬದಲು ದೊಡ್ಡ ದೊಡ್ಡ ಟೋಪಿಗಳ ನೆರಳು.

“ಕುಂದರ್ರಿ, ಕುಂದರ್ರಿ” ಎಂದು ಸುರಜ ಗೋಡೆಯ ಪಕ್ಕದಿಂದ ಅಳುವ ದನಿಯಲ್ಲಿ ಹೇಳುತ್ತಿದ್ದ. ಮೂವತ್ತೇಳನೆಯ ಸಂಶಯಿತ, ಹೆಣದ ಪಾತ್ರದ ಹಾಲಸಿದ್ದ, ಎದ್ದಾಗ ಎಲ್ಲರಿಗಿಂತ ಜೋರು ಚಪ್ಪಾಳೆ ಬಿತ್ತು.

ಮೊದಲು ನನಗೆ ಸಿಟ್ಟು ಬಂತು, ಆಮೇಲೆ ನಗು ಬಂತು. ತೊಂಬತ್ತು ದಾಟಿದ ಮೇಲೆ ಎರಡೂ ಹೋದವು. ಲೆಕ್ಕ ಈಗ ನನಗೆ ಹೊಳೆಯಿತು. ಪ್ರತಿಯೊಬ್ಬನೂ ತನ್ನ ಮುಂದಿನ ಹೆಸರಿಗೆ ಬೆನ್ನು ಮಾಡಿ ನಿಲ್ಲುತ್ತಾನೆ. ನೂರಾ ಹದಿನಾಲ್ಕರ ಮುಂದಿನ ಹೆಸರು ನನ್ನದು.

ಅಪ್ಪ ಏಳಬಾರದು, ಏಳಬಾರದು ಎಂದು ಪಾರ್ಶ್ವನಾಥನಿಗೆ ಹರಕೆ ಹೊತ್ತೆ.

‘ಶ್ರೀ ಭಾವುಸಾಹೇಬ ಮಗದುಮ್ಮ, ಸಂಶಯಿತ ನಂ. ೧೧೪.’ ಅಪ್ಪ ಒಮ್ಮೆ ಓದಿದರು. ಇನ್ನೊಮ್ಮೆ ಓದಿದರು. ಟೋಪಿಗೆ ಕೈ ಹೋಯಿತು. ಎದ್ದರು, ತಿರುಗಿದರು, ಕೈ ಮುಗಿದರು. ಹೊಲ ಪೂರ್ತಿ ಕತ್ತಲಾಯಿತು. ಆ ಕತ್ತಲೆಯಲ್ಲಿ ನಮ್ಮಪ್ಪನ ಇಸ್ತ್ರಿ ಅಂಗಿಯ ಮೇಲೆ, ಮುಗಿದ ಕೈಗಳ ಎರಡೂ ಬದಿಗೆ, ಬೆಳ್ಳಗೆ ಅಕ್ಷರಗಳು ಮೂಡಿದವು. ‘ಶೀರ್ಷಿಕೆ ವಿನ್ಯಾಸ: ತ್ರಿಶಲಾ ಭಾವುಸಾಹೇಬ ಮಗದುಮ್ಮ.’

ಇಡೀ ಸಭಾಗೃಹ ಅಪ್ಪನ ಕಡೆ ತಿರುಗಿ ನನ್ನ ಹೆಸರನ್ನು ಓದಿತು. ಓದದಿದ್ದವರು ಒಬ್ಬರೇ.

ನನ್ನ ಬೆರಳು ತಾನಾಗಿಯೇ ಕೀಲಿ ಒತ್ತಿತು. ಚಿತ್ರ ನಿಂತಿತು. ಬೆಳಕು ಹೋಗದಿದ್ದರೆ ಏನಿದು ಎಂದು ಅಪ್ಪ ಪಕ್ಕಕ್ಕೆ ಸರಿದು ಹಿಂದೆ ತಿರುಗಿ ನೋಡಿಯಾರು, ಒಂದೇ ಒಂದು ಸಲ ತಿರುಗಲಿ ಎಂದು. ಹತ್ತು ಸೆಕೆಂಡು. ಇಪ್ಪತ್ತು ಸೆಕೆಂಡು. ಬೆಳಕು ತಮ್ಮ ಮೇಲೆಯೇ ನಿಂತದ್ದನ್ನು ಕಂಡು, ಕೊನೆಯವರಿಗೆ ವಿಶೇಷ ಸತ್ಕಾರ ಇರಬೇಕೆಂದು ಅವರು ಇನ್ನಷ್ಟು ನೆಟ್ಟಗೆ ನಿಂತರು. ಮಂದಿ ಇನ್ನಷ್ಟು ಚಪ್ಪಾಳೆ ತಟ್ಟಿದರು. ಮುರಗೆಪ್ಪನವರು ಮೊಬೈಲಿನಲ್ಲಿ ಫೋಟೋ ತೆಗೆದರು. ಅಪ್ಪನ ಮುಖದಲ್ಲಿ ಅಂಥ ಸಂತೋಷವನ್ನು ನಾನು ಅದುವರೆಗೆ ನೋಡಿರಲಿಲ್ಲ. ಅದನ್ನು ನೋಡುತ್ತ ನನಗೆ ಅಳು ಬಂತು. ಸಂತೋಷಕ್ಕೋ ಹೊಟ್ಟೆಕಿಚ್ಚಿಗೋ ಇವತ್ತಿಗೂ ಗೊತ್ತಿಲ್ಲ.

“ಅಕ್ಕಾ, ಬಿಡ್ರಿ!” ಎಂದು ಸುರಜ ಕೂಗಿದ. ಬಿಟ್ಟೆ.

ಸಿನಿಮಾ ಶುರುವಾಯಿತು. ಹೆಸರುಗಳು ಮುಗಿದಿದ್ದವು, ಆದ್ದರಿಂದ ಮಂದಿಯ ಕೆಲಸವೂ ಮುಗಿದಿತ್ತು. ಜಿಲೇಬಿಯ ವಾಸನೆ ಕರೆಯಿತು. ಮೊದಲು ಸತ್ತಿಯ ಹದಿನಾರು ಜನ ಎದ್ದರು, ಆಮೇಲೆ ಎಲ್ಲರೂ. ಹದಿನೇಳನೆಯ ಸಾಲಿನಲ್ಲಿ ಹೆಣ ಸಿಕ್ಕಾಗ ನೋಡಲು ಸುರಜ, ನಾನು, ಕುರ್ಚಿ ಜೋಡಿಸುವವರು ಇಬ್ಬರು. ಕೊಂದವರು ಯಾರೆಂಬ ರಹಸ್ಯ ಇಂದಿಗೂ ಚಿಕ್ಕೋಡಿ ತಾಲೂಕಿನಲ್ಲಿ ಭದ್ರವಾಗಿದೆ. ಇಷ್ಟು ಸಸ್ಪೆನ್ಸ್ ಉಳಿಸಿಕೊಂಡ ಸಿನಿಮಾ ಬೇರೆ ಇರಲಾರದು.

ಊಟದ ಪಂಕ್ತಿಯಲ್ಲಿ ಅಪ್ಪ ಮಠ್ಠಾ ಮಜ್ಜಿಗೆಯ ಲೋಟ ಹಿಡಿದು ನನಗಾಗಿ ಕಾಯುತ್ತಿದ್ದರು.

“ನಂದು ಬಾಳ ಚಂದ ಬಂತು ಬೇ. ನಿಂದ ಯಾಕ ಹಾಕಲಿಲ್ಲ ಅವರು? ನಾ ಕಣ್ಣ ಮುಚ್ಚದ ನೋಡಾಕತ್ತಿದ್ನಿ” ಎಂದರು. ನನಗಾಗಿ ನೊಂದುಕೊಂಡಿದ್ದರು ಕೂಡ. ನಾನು ಜಿಲೇಬಿ ಬಾಯಿಗೆ ತುರುಕಿಕೊಂಡೆ.

ನಾಲ್ಕು ದಿನದ ಮೇಲೆ ಅಪ್ಪ ಮೊದಲ ಸಲ ನಮ್ಮ ಸ್ಟುಡಿಯೋಗೆ ಬಂದರು. ಮುರಗೆಪ್ಪನವರು ಕಳಿಸಿದ ಫೋಟೋ ತಂದಿದ್ದರು. ದೊಡ್ಡದು ಮಾಡಿ, ಚೌಕಟ್ಟು ಹಾಕಿಸಿ ಗೋದಾಮಿನಲ್ಲಿ ಹಾಕಬೇಕಂತೆ.

“ಒಂದ ಕೆಲಸ ಮಾಡು” ಎಂದರು. “ಎದಿ ಮ್ಯಾಲ ಏನೋ ಅಕ್ಷರ ಬಿದ್ದಾವ ನೋಡು. ಅಂಗಿ ಹೊಲಸ ಆದಂಗ ಕಾಣ್ತೈತಿ. ತಗದ ಬಿಡು.”

“ಏನ ಬರದೈತಿ, ಓದೀರೇನ್ರಿ ಅಪ್ಪಾ?”

“ಯಾರದೋ ಹೆಸರ ಇರಬೇಕು. ಕನ್ನಡಕ ಗೋದಾಮಿನ್ಯಾಗ ಐತಿ.”

ಹನ್ನೊಂದು ವರ್ಷದಲ್ಲಿ ನಾನು ಮದುಮಗಳ ಮೊಡವೆ ತೆಗೆದಿದ್ದೇನೆ, ವಿದ್ಯುತ್ ತಂತಿ ತೆಗೆದಿದ್ದೇನೆ, ಜಗಳವಾಡಿ ದೂರವಾದ ಸೋದರಮಾವನನ್ನು ಕುರ್ಚಿ ಸಮೇತ ಫೋಟೋದಿಂದ ತೆಗೆದಿದ್ದೇನೆ. ಈ ಅಕ್ಷರಕ್ಕೆ ಎರಡು ನಿಮಿಷ ಸಾಕಿತ್ತು.

“ಇದನ್ನ ತಗಿಯಾಕ ನನಗ ಬರೂದಿಲ್ರಿ” ಎಂದೆ.

ಈಗ ಫೋಟೋ ಗೋದಾಮಿನ ಬಾಗಿಲೆದುರು ಗೋಡೆಯ ಮೇಲಿದೆ. ಅಲ್ಲಿ ಅಪ್ಪನಿಗೆ ಕನ್ನಡಕವೂ ಇದೆ. ಮೊನ್ನೆ ಮಧ್ಯಾಹ್ನ ಊಟದ ಡಬ್ಬಿ ಕೊಡಲು ಹೋದಾಗ ಒಬ್ಬ ವ್ಯಾಪಾರಿ ಅದನ್ನು ನೋಡುತ್ತ ನಿಂತಿದ್ದ. ಅಕ್ಷರ ಅಕ್ಷರವಾಗಿ ಓದಿ, “ಈ ತ್ರಿಶಲಾ ಯಾರ್ರಿ ಸಾಹುಕಾರ?” ಎಂದ.

“ನಮ್ಮ ಮಗಳ್ರಿ” ಎಂದರು ಅಪ್ಪ, ನಾನು ಬಾಗಿಲಲ್ಲಿ ನಿಂತದ್ದನ್ನು ನೋಡದೆ. “ಫೋಟೋ ಸ್ಟುಡಿಯೋದಾಗ ಇರ್ತಾಳ. ಆ ಅಕ್ಷರ ತಗದ ಹಾಕಂದ್ರ ಬರೂದಿಲ್ಲ ಅಂದ್ಲು. ಹನ್ನೊಂದ ವರ್ಷ ಆತ್ರಿ, ಇನ್ನೂ ಕಲಿಯಾಕತ್ತಾಳ.”